ತಾಂತ್ರಿಕ ನಕ್ಷೆಗೆ ಯಾವ ಕ್ಯಾಡ್ ತಂತ್ರಾಂಶ? ಆಯ್ಕೆಯನ್ನು ಕೊನೆಯಿಂದ ಆರಂಭಿಸಿ

ಕ್ಯಾಡ್ ತಂತ್ರಾಂಶ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ, ಬೇಕೆಂದು ಹೊರಟವರೆಲ್ಲ ಮೊದಲು ಕೇಳುವುದು "ಯಾವುದು ಒಳ್ಳೆಯದು?" ಎಂದು. ಗೆರೆ ಎಳೆಯಲು, ಅಳತೆ ಬರೆಯಲು, ಲೇಯರ್‌ಗಳಾಗಿ (ಒಂದರ ಮೇಲೊಂದು ಕೂರುವ ಪದರಗಳಾಗಿ) ವಿಂಗಡಿಸಲು ಇಂದು ಉಚಿತವಾಗಿ ಸಿಗುವ ತಂತ್ರಾಂಶವೂ ಸಾಕು. ತೊಂದರೆ ಶುರುವಾಗುವುದು ನಕ್ಷೆ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಟ ಮೇಲೆ. ಇನ್ನೊಬ್ಬರ ಪರದೆಯಲ್ಲಿ ಅಕ್ಷರಗಳ ಜಾಗದಲ್ಲಿ ಪ್ರಶ್ನೆಚಿಹ್ನೆಗಳು ಕಾಣಿಸುತ್ತವೆ, ಅಳತೆಗಳು ಬಿಡಿ ಗೆರೆಗಳಾಗಿ ಒಡೆದಿರುತ್ತವೆ, ಕತ್ತರಿಸುವ ಯಂತ್ರದಲ್ಲಿ ಭಾಗ ಇಪ್ಪತ್ತೈದು ಪಟ್ಟು ದೊಡ್ಡದಾಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ತಂತ್ರಾಂಶಗಳ ಪಟ್ಟಿಯಿಂದ ಆರಂಭವಾಗುವುದಿಲ್ಲ. ನಕ್ಷೆ ಕೊನೆಗೆ ತಲುಪುವ ಕೈಯಿಂದ ಆರಂಭವಾಗಿ ಹಿಂದಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ನಕ್ಷೆ ಯಾರಿಗೆ, ಯಾವ ರೂಪದಲ್ಲಿ?

ಒಂದು ಹಾಳೆ ತೆಗೆದುಕೊಂಡು ನಿಮ್ಮ ನಕ್ಷೆಯನ್ನು ಪಡೆಯುವವರ ಹೆಸರುಗಳನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ, ಅವರು ಅದನ್ನು ಏನು ಮಾಡುತ್ತಾರೆ ಎಂದು ಒಂದೇ ಕ್ರಿಯಾಪದದಲ್ಲಿ ನಮೂದಿಸಿ: ನೋಡುತ್ತಾರೆ, ಮುದ್ರಿಸುತ್ತಾರೆ, ತಿದ್ದುತ್ತಾರೆ, ಕತ್ತರಿಸುತ್ತಾರೆ. ಅರ್ಧ ಆಯ್ಕೆ ಇಲ್ಲಿಯೇ ಮುಗಿಯುತ್ತದೆ.

ಕೇವಲ ನೋಡಿ ಮುದ್ರಿಸುವವರಿಗೆ ಪಿಡಿಎಫ್ ಸಾಕು. ಎಲ್ಲ ಕ್ಯಾಡ್ ತಂತ್ರಾಂಶಗಳೂ ಅದನ್ನು ಕೊಡುತ್ತವೆ. ಹಿಗ್ಗಿಸಿದಾಗ ಗೆರೆ ಮಸುಕಾಗದೆ ಚೂಪಾಗಿಯೇ ಉಳಿಯುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

ತಿದ್ದುವವರಿದ್ದರೆ ಮಾತು ಡಿಡಬ್ಲ್ಯುಜಿ ಕಡೆಗೆ ತಿರುಗುತ್ತದೆ. ಇದು 1982ರಲ್ಲಿ ಬಂದ ಆಟೋಕ್ಯಾಡ್‌ನ ಸ್ವಂತ ಫೈಲ್ ರೂಪ. ಇದರ ಒಳರಚನೆಯ ಪೂರ್ಣ ವಿವರವನ್ನು ಆಟೋಕ್ಯಾಡ್ ತಯಾರಿಸುವ ಕಂಪನಿ ಆಟೋಡೆಸ್ಕ್ ಸಾರ್ವಜನಿಕವಾಗಿ ಪ್ರಕಟಿಸಿಲ್ಲ. ಹಾಗಾಗಿ ಉಳಿದ ಅನೇಕ ತಂತ್ರಾಂಶಗಳು ಓಪನ್ ಡಿಸೈನ್ ಅಲಯನ್ಸ್ ಎಂಬ ಒಕ್ಕೂಟ ಸಿದ್ಧಪಡಿಸಿದ ಕೋಡ್ ಸಂಗ್ರಹವನ್ನು ನೆಚ್ಚಿಕೊಂಡಿವೆ. 1998ರಲ್ಲಿ ಹುಟ್ಟಿದ ಈ ಒಕ್ಕೂಟದ ಕೆಲಸದಿಂದಾಗಿಯೇ ಇಂದು ಬ್ರಿಕ್ಸ್‌ಕ್ಯಾಡ್‌ನಂತಹ ತಂತ್ರಾಂಶಗಳಲ್ಲಿ ಡಿಡಬ್ಲ್ಯುಜಿ ಫೈಲ್ ನೇರವಾಗಿ ತೆರೆದು, ಹಾಗೆಯೇ ಉಳಿಯುತ್ತದೆ. ಡಿಡಬ್ಲ್ಯುಜಿಯಲ್ಲೂ ಆವೃತ್ತಿಗಳಿವೆ: 2000, 2004, 2007, 2010, 2013, 2018. ಹೊಸ ತಂತ್ರಾಂಶ ಹಳೆಯ ಆವೃತ್ತಿಯನ್ನು ತೆರೆಯುತ್ತದೆ, ಹಳೆಯ ತಂತ್ರಾಂಶ ಹೊಸದನ್ನು ತೆರೆಯುವುದಿಲ್ಲ. ಪಡೆಯುವವರನ್ನು "ಡಿಡಬ್ಲ್ಯುಜಿ ನಡೆಯುತ್ತದೆಯೇ?" ಎಂದಷ್ಟೇ ಕೇಳಿ ಬಿಟ್ಟರೆ ಸಾಲದು. ಯಾವ ಆವೃತ್ತಿ ಎಂದೂ ಕೇಳಬೇಕು.

ಕತ್ತರಿಸುವ ಯಂತ್ರಕ್ಕೆ ಹೋಗುವ ನಕ್ಷೆ ಬಹುಮಟ್ಟಿಗೆ ಡಿಎಕ್ಸ್‌ಎಫ್ ರೂಪದಲ್ಲಿರುತ್ತದೆ. ಇದೂ ಆಟೋಕ್ಯಾಡ್ ಜೊತೆಗೇ ಬಂದದ್ದು, ಆದರೆ ಇದರ ವಿವರ ಪ್ರಕಟವಾಗಿದೆ. ಇಂದಿಗೂ ಎಷ್ಟೋ ಲೇಸರ್ ಯಂತ್ರಗಳ ತಂತ್ರಾಂಶ ಕೇಳುವುದು ಆರ್12 ಎಂಬ 1992ರ ಹಳೆಯ ಆವೃತ್ತಿಯನ್ನು. ಆರ್12ರಲ್ಲಿ ಸ್ಪ್ಲೈನ್ ಎಂಬ ವಕ್ರರೇಖೆಗೆ ಜಾಗವಿಲ್ಲ, ಅದು ಚಿಕ್ಕಚಿಕ್ಕ ನೇರ ತುಂಡುಗಳಾಗಿ ಬದಲಾಗುತ್ತದೆ. ತುಂಡು ದೊಡ್ಡದಾದರೆ ಕತ್ತರಿಸಿದ ಅಂಚಿನಲ್ಲಿ ಮೂಲೆಗಳು ಕಾಣುತ್ತವೆ. ತುಂಡಿನ ಉದ್ದವನ್ನು ನೀವೇ ನಿಗದಿಪಡಿಸಲು ತಂತ್ರಾಂಶ ಬಿಡುತ್ತದೆಯೇ ಎಂಬುದು, ಈ ಕೆಲಸ ಮಾಡುವವರ ಮಟ್ಟಿಗೆ, ಮೂರು ಆಯಾಮದ ಚಂದದ ಚಿತ್ರಗಳಿಗಿಂತ ದೊಡ್ಡ ವಿಷಯ. ಒಂದರ ಮೇಲೊಂದು ಕುಳಿತ ಜೋಡಿ ಗೆರೆಗಳನ್ನು ಹುಡುಕಿ ಅಳಿಸುವ ಆಜ್ಞೆಯೂ ಬೇಕು. ಕಣ್ಣಿಗೆ ಒಂದೇ ಎಂದು ಕಾಣುವ ಗೆರೆಯನ್ನು ಯಂತ್ರ ಎರಡು ಸಲ ಸುಡುತ್ತದೆ.

ಮೂರು ಆಯಾಮದ ಯಂತ್ರಭಾಗವನ್ನು ಹಂಚಿಕೊಳ್ಳಲು ಸ್ಟೆಪ್ ಎಂಬ ಫೈಲ್ ರೂಪ ಇದೆ, ಅದರ ಮಾನಕ ಐಎಸ್‌ಒ 10303. ಕಟ್ಟಡದ ಮಾದರಿಗೆ ಐಎಫ್‌ಸಿ ಇದೆ, ಅದು ಐಎಸ್‌ಒ 16739. ಯಾರಾದರೂ ಇವುಗಳನ್ನು ಕೇಳಿದರೆ ಎರಡು ಆಯಾಮದ ತಂತ್ರಾಂಶಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಬಹುದು.

ಎರಡನೆಯ ಹೆಜ್ಜೆ: ನಕ್ಷೆಯ ಜಾತಿ ಗುರುತಿಸಿ

ತಾಂತ್ರಿಕ ನಕ್ಷೆ ಎನ್ನುವ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳಿವೆ.

ಕೊಠಡಿ, ನಿವೇಶನ, ಯಂತ್ರಗಳ ಜೋಡಣೆ, ಪೈಪ್ ಮಾರ್ಗದ ವಿನ್ಯಾಸ ಇವುಗಳಿಗೆ ಎರಡು ಆಯಾಮದ ಡ್ರಾಫ್ಟಿಂಗ್ ಸಾಕು. ಇಲ್ಲಿ ಗೆರೆ ಎಂದರೆ ಗೆರೆ ಅಷ್ಟೇ, ಅದು ಗೋಡೆಯೋ ಮೇಜೋ ಎಂಬುದು ಕಂಪ್ಯೂಟರಿಗೆ ತಿಳಿಯದು. ಈ ಸರಳತೆಯೇ ಇದರ ಬಲ.

ಯಂತ್ರಭಾಗ ಚಿತ್ರಿಸುವವರಿಗೆ ಪ್ಯಾರಾಮೆಟ್ರಿಕ್ ಮಾಡೆಲಿಂಗ್ ಹೊಂದುತ್ತದೆ. ಈ ರಂಧ್ರ ಅಂಚಿನಿಂದ 12 ಮಿ.ಮೀ. ದೂರದಲ್ಲಿರಲಿ, ಈ ಎರಡು ಬದಿಗಳು ಸಮಾಂತರವಾಗಿರಲಿ ಎಂದು ನಿರ್ಬಂಧಗಳನ್ನು ಹೇರಿದರೆ, ಒಂದು ಸಂಖ್ಯೆ ಬದಲಿಸಿದಾಗ ಇಡೀ ಆಕೃತಿ ತಾನಾಗಿ ಹೊಂದಿಕೊಳ್ಳುತ್ತದೆ. ಇದು ಹೊಸ ಕಲ್ಪನೆ ಎಂದು ಮಾರಾಟಗಾರರು ಹೇಳಿದರೆ ನಂಬಬೇಡಿ. ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ಎಂಐಟಿಯಲ್ಲಿ ತೋರಿಸಿದ ಸ್ಕೆಚ್‌ಪ್ಯಾಡ್ ಎಂಬ ಚಿತ್ರಣ ತಂತ್ರಾಂಶದಲ್ಲೇ ನಿರ್ಬಂಧಗಳಿದ್ದವು. ಒಂದೇ ಭಾಗದ ಹತ್ತು ಗಾತ್ರಗಳು ಬೇಕಿರುವವರು, ವಿನ್ಯಾಸವನ್ನು ಮತ್ತೆ ಮತ್ತೆ ಬದಲಿಸುವವರು ಈ ದಾರಿ ಹಿಡಿಯಬೇಕು. ಒಮ್ಮೆ ಬರೆದು ಮುಗಿಸುವ ಚಪ್ಪಟೆ ನಕ್ಷೆಗೆ ಇದು ಅನಗತ್ಯ ಭಾರ.

ಕಟ್ಟಡದ ಗೋಡೆ, ಬಾಗಿಲು, ಛಾವಣಿಗಳನ್ನು ವಸ್ತುಗಳೆಂದೇ ಗುರುತಿಸಿ, ಪ್ಲಾನ್, ಸೆಕ್ಷನ್, ಪರಿಮಾಣ ಪಟ್ಟಿಗಳನ್ನು ಒಂದೇ ಮಾದರಿಯಿಂದ ತೆಗೆಯುವುದು ಬಿಮ್ ಪದ್ಧತಿ. ರೆವಿಟ್, ಆರ್ಕಿಕ್ಯಾಡ್ ಈ ಗುಂಪಿನವು. ತಂಡದವರೆಲ್ಲ ಅದನ್ನೇ ಬಳಸುವಾಗ ಇದರ ಪ್ರಯೋಜನ ದೊಡ್ಡದು. ಒಬ್ಬರೇ ಕುಳಿತು ಸಣ್ಣ ಬದಲಾವಣೆಗಳ ನಕ್ಷೆ ಮಾಡುವುದಕ್ಕೆ ಬಿಮ್ ಕಲಿಯಲು ಹೊರಡುವುದನ್ನು ನಾನು ಒಪ್ಪುವುದಿಲ್ಲ.

ವಿದ್ಯುತ್ ಸರ್ಕ್ಯೂಟ್ ಬೇರೆಯೇ ಜಾತಿ. ಅಲ್ಲಿ ಗೆರೆಯ ಉದ್ದಕ್ಕೆ ಅರ್ಥವಿಲ್ಲ, ಯಾವುದು ಯಾವುದಕ್ಕೆ ಕೂಡಿದೆ ಎಂಬುದೇ ಎಲ್ಲ. ಸರ್ಕ್ಯೂಟ್ ಬೋರ್ಡಿಗೆ ಕೀಕ್ಯಾಡ್, ವಿದ್ಯುತ್ ಫಲಕದ ನಕ್ಷೆಗೆ ಕ್ಯೂಎಲೆಕ್ಟ್ರೋಟೆಕ್ ಉಚಿತವಾಗಿ ಸಿಗುತ್ತವೆ. ಸಾಮಾನ್ಯ ಕ್ಯಾಡ್‌ನಲ್ಲಿ ಸರ್ಕ್ಯೂಟ್ ಬರೆಯಬಹುದು, ಆದರೆ ಒಂದು ತಂತಿ ತಪ್ಪಿದ್ದರೆ ಅದು ಎಚ್ಚರಿಸುವುದಿಲ್ಲ.

ಮೂರನೆಯ ಹೆಜ್ಜೆ: ಜರಡಿ ಹಿಡಿಯಿರಿ

ಕಂಪ್ಯೂಟರ್ ಯಾವುದು ಎಂಬುದು ಮೊದಲ ಜರಡಿ. ಯಂತ್ರಭಾಗಗಳ ಮಾಡೆಲಿಂಗ್ ತಂತ್ರಾಂಶವಾದ ಸಾಲಿಡ್‌ವರ್ಕ್ಸ್‌ನ ಡೆಸ್ಕ್‌ಟಾಪ್ ಆವೃತ್ತಿ, ರೆವಿಟ್ ಎರಡೂ ವಿಂಡೋಸ್‌ಗೆ ಮಾತ್ರ. ಆಟೋಕ್ಯಾಡ್ ಮ್ಯಾಕ್‌ನಲ್ಲಿ ಇದ್ದರೂ ವಿಂಡೋಸ್ ಆವೃತ್ತಿಯ ಎಲ್ಲ ಸೌಲಭ್ಯಗಳೂ ಅಲ್ಲಿಲ್ಲ, ಲಿನಕ್ಸ್‌ಗೆ ಅದು ಬಂದೇ ಇಲ್ಲ. ಬ್ರಿಕ್ಸ್‌ಕ್ಯಾಡ್, ಕ್ಯೂಕ್ಯಾಡ್, ಲಿಬ್ರೆಕ್ಯಾಡ್, ಫ್ರೀಕ್ಯಾಡ್ ಮೂರೂ ಕಡೆ ನಡೆಯುತ್ತವೆ.

ಎರಡನೆಯದು ಪರವಾನಗಿ, ಇದನ್ನು ಸಾವಧಾನವಾಗಿ ಓದಬೇಕು. 2016ರಲ್ಲಿ ಆಟೋಡೆಸ್ಕ್ ಆಟೋಕ್ಯಾಡ್‌ನ ಶಾಶ್ವತ ಪರವಾನಗಿ ಮಾರುವುದನ್ನು ನಿಲ್ಲಿಸಿತು. ಈಗ ಚಂದಾ ಮುಗಿದರೆ ತಂತ್ರಾಂಶವೂ ಮುಗಿಯಿತು. ವರ್ಷವಿಡೀ ದುಡಿಯುವವರಿಗೆ ಚಂದಾ ಹೊರೆಯಲ್ಲದಿರಬಹುದು. ಆಗೊಮ್ಮೆ ಈಗೊಮ್ಮೆ ಒಂದು ನಕ್ಷೆ ಬರೆಯುವವರಿಗೆ ಒಂದೇ ಸಲ ಹಣ ಕೊಟ್ಟು ಇಟ್ಟುಕೊಳ್ಳುವ ಪದ್ಧತಿ ಮೇಲು, ಬ್ರಿಕ್ಸ್‌ಕ್ಯಾಡ್ ಮತ್ತು ಕ್ಯೂಕ್ಯಾಡ್‌ನಲ್ಲಿ ಅದಿದೆ. ವಿದ್ಯಾರ್ಥಿ ಪರವಾನಗಿಯಲ್ಲಿ ಸಂಪಾದನೆಯ ಕೆಲಸ ಮಾಡುವಂತಿಲ್ಲ.

"ಉಚಿತ" ಎಂಬ ಮಾತನ್ನು ಎರಡಾಗಿ ಬಿಡಿಸಿ ನೋಡಿ. ಮುಕ್ತ ತಂತ್ರಾಂಶದ ಉಚಿತವನ್ನು ಯಾರೂ ಹಿಂದಕ್ಕೆ ಪಡೆಯಲಾಗದು. ಕಂಪನಿಯ ಉದಾರತೆಯ ಉಚಿತವನ್ನು ಪಡೆಯಬಹುದು. ಡ್ರಾಫ್ಟ್‌ಸೈಟ್ ವರ್ಷಗಟ್ಟಲೆ ಉಚಿತವಾಗಿ ಸಿಗುತ್ತಿತ್ತು. 2019ರ ಡಿಸೆಂಬರ್ 31ರ ನಂತರ ಆ ಉಚಿತ ಆವೃತ್ತಿಗಳು ತೆರೆಯುವುದನ್ನೇ ನಿಲ್ಲಿಸಿದವು. ಆಟೋಡೆಸ್ಕ್‌ನ ಮಾಡೆಲಿಂಗ್ ತಂತ್ರಾಂಶ ಫ್ಯೂಷನ್‌ನ ವೈಯಕ್ತಿಕ ಬಳಕೆಯ ಆವೃತ್ತಿಯಲ್ಲಿ, ಏಕಕಾಲಕ್ಕೆ ತಿದ್ದಬಹುದಾದ ದಾಖಲೆಗಳನ್ನು ಹತ್ತಕ್ಕೆ ಸೀಮಿತಗೊಳಿಸುವ ನಿರ್ಧಾರ ಪ್ರಕಟವಾದದ್ದು 2020ರಲ್ಲಿ. ಬ್ರೌಸರಿನಲ್ಲಿ ನಡೆಯುವ ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ನಿಮ್ಮ ದಾಖಲೆಗಳು ಎಲ್ಲರಿಗೂ ಕಾಣುತ್ತವೆ. ಗ್ರಾಹಕರ ನಕ್ಷೆಯನ್ನು ಅಲ್ಲಿಡುವ ಮೊದಲು ಅವರನ್ನು ಕೇಳುವುದು ಒಳ್ಳೆಯದು.

ಯಂತ್ರದ ಶಕ್ತಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಎರಡು ಆಯಾಮದ ನಕ್ಷೆಗೆ ಸಾಧಾರಣ ಕಂಪ್ಯೂಟರ್ ಧಾರಾಳವಾಯಿತು. ದುಬಾರಿ ಗ್ರಾಫಿಕ್ಸ್ ಕಾರ್ಡಿಗಿಂತ ದೊಡ್ಡ ಪರದೆ ಮತ್ತು ಚಕ್ರವಿರುವ ಒಳ್ಳೆಯ ಮೌಸ್ ಹೆಚ್ಚು ಉಪಕಾರಿ.

ನಾಲ್ಕನೆಯ ಹೆಜ್ಜೆ: ಎರಡು ಮೂರು ಹೆಸರಿಗೆ ಇಳಿಸಿ

ಡಿಡಬ್ಲ್ಯುಜಿ ದಿನವೂ ಹೋಗಿ ಬರಬೇಕು, ಅದೂ ಎರಡು ಆಯಾಮದಲ್ಲಿ ಎಂದರೆ ಆಟೋಕ್ಯಾಡ್ ಎಲ್‌ಟಿ, ಬ್ರಿಕ್ಸ್‌ಕ್ಯಾಡ್, ಡ್ರಾಫ್ಟ್‌ಸೈಟ್, ಝಡ್‌ಡಬ್ಲ್ಯುಕ್ಯಾಡ್‌ಗಳ ನಡುವೆ ನೋಡಿ. ಎಲ್‌ಟಿಯಲ್ಲಿ ಮೂರು ಆಯಾಮದ ಮಾಡೆಲಿಂಗ್ ಇಲ್ಲ. ಆದರೆ ಸಣ್ಣ ಪ್ರೋಗ್ರಾಂ ಬರೆದು ಕೆಲಸ ಹಗುರಮಾಡಿಕೊಳ್ಳುವ ಆಟೋಲಿಸ್ಪ್ 2024ರ ಆವೃತ್ತಿಯಿಂದ ಅದರಲ್ಲೂ ಸೇರಿದೆ. ಬಹಳ ವರ್ಷಗಳ ಕೊರತೆ ಅದು.

ಫೈಲು ಯಾವಾಗಾದರೊಮ್ಮೆ ಹೊರಹೋಗುತ್ತದೆ, ಹೋದರೂ ಪಿಡಿಎಫ್ ಅಥವಾ ಡಿಎಕ್ಸ್‌ಎಫ್ ಎನ್ನುವವರಿಗೆ ಲಿಬ್ರೆಕ್ಯಾಡ್ ಸಾಕು. ಇದು ಕ್ಯೂಕ್ಯಾಡ್‌ನ ಸಮುದಾಯ ಆವೃತ್ತಿಯಿಂದ ಕವಲೊಡೆದದ್ದು. ಡಿಡಬ್ಲ್ಯುಜಿಯನ್ನು ಒಂದು ಮಿತಿಯಲ್ಲಿ ಓದುತ್ತದೆ, ಬರೆಯುವುದಿಲ್ಲ. ಆ ಮಿತಿ ತೊಡಕೆನಿಸಿದರೆ ಹಣ ಕೊಟ್ಟು ಪಡೆಯುವ ಕ್ಯೂಕ್ಯಾಡ್ ಪ್ರೊಫೆಷನಲ್‌ನಲ್ಲಿ ಡಿಡಬ್ಲ್ಯುಜಿ ಓದು ಬರಹ ಎರಡೂ ಇವೆ. ಎರಡು ಆಯಾಮದ ಕೆಲಸವನ್ನೇ ಗುರಿಯಾಗಿಟ್ಟು ಕಟ್ಟಿದ ತಂತ್ರಾಂಶಗಳಲ್ಲಿ ಅದರ ಅಚ್ಚುಕಟ್ಟುತನ ನನಗೆ ಹಿಡಿಸುತ್ತದೆ.

ಪ್ಯಾರಾಮೆಟ್ರಿಕ್ ಕೆಲಸಕ್ಕೆ ಮುಕ್ತ ತಂತ್ರಾಂಶ ಬೇಕಾದವರು ಫ್ರೀಕ್ಯಾಡ್ ನೋಡಬೇಕು. ಹಿಂದಿನ ಆಕೃತಿಯಲ್ಲಿ ಒಂದು ಬದಲಾವಣೆ ಮಾಡಿದರೆ ಮುಂದಿನ ಹಂತಗಳು ತಪ್ಪು ಅಂಚಿಗೆ ಅಂಟಿಕೊಳ್ಳುವ ತೊಡಕು ಅದನ್ನು ವರ್ಷಗಳ ಕಾಲ ಕಾಡಿತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದನ್ನು ಬಹಳಷ್ಟು ತಗ್ಗಿಸಿದ್ದಾರೆ. ಅದರ ಟೆಕ್‌ಡ್ರಾ ವಿಭಾಗ ಮಾದರಿಯಿಂದ ಅಳತೆಸಹಿತ ಹಾಳೆ ತೆಗೆಯುತ್ತದೆ. ಡಿಡಬ್ಲ್ಯುಜಿ ಬೇಕೆಂದರೆ ಹೊರಗಿನ ಪರಿವರ್ತಕವೊಂದನ್ನು ಜೋಡಿಸಬೇಕು. ಓಪನ್ ಡಿಸೈನ್ ಅಲಯನ್ಸ್‌ನದೇ ಉಚಿತ ಪರಿವರ್ತಕ ಇದೆ. ಫ್ರೀಕ್ಯಾಡ್ ಭಾರವೆನಿಸಿದರೆ ಸಾಲ್ವ್‌ಸ್ಪೇಸ್ ಎಂಬ ಪುಟ್ಟ ತಂತ್ರಾಂಶವನ್ನು ಒಮ್ಮೆ ತೆರೆದು ನೋಡಿ.

ಇಂಕ್‌ಸ್ಕೇಪ್‌ನಂತಹ ಚಿತ್ರಕಲೆಯ ತಂತ್ರಾಂಶದಲ್ಲಿ ನಕ್ಷೆ ಬರೆಯಬಹುದಲ್ಲವೇ ಎಂದು ಕೇಳುವವರಿದ್ದಾರೆ. ಬರೆಯಬಹುದು. ಆದರೆ ಸ್ಪರ್ಶರೇಖೆ, ಛೇದನ ಬಿಂದು, ಸ್ಕೇಲಿಗೆ ತಕ್ಕ ಅಳತೆ ಇವು ಅಲ್ಲಿ ಅತಿಥಿಗಳು, ಮನೆಯವರಲ್ಲ.

ಐದನೆಯ ಹೆಜ್ಜೆ: ಪರೀಕ್ಷಾ ನಕ್ಷೆ

ಉಳಿದ ಹೆಸರುಗಳ ಪ್ರಾಯೋಗಿಕ ಆವೃತ್ತಿಗಳನ್ನು ಹಾಕಿಕೊಂಡು ಎಲ್ಲದರಲ್ಲೂ ಒಂದೇ ನಕ್ಷೆಯನ್ನು ಬರೆಯಿರಿ. ತಂತ್ರಾಂಶದ ಜೊತೆ ಬರುವ ಮಾದರಿ ನಕ್ಷೆಯನ್ನು ತೆರೆದು ಮೆಚ್ಚಿಕೊಳ್ಳುವುದು ಪರೀಕ್ಷೆಯಲ್ಲ. ಅದನ್ನು ಮೆಚ್ಚಿಗೆಯಾಗಲೆಂದೇ ಮಾಡಿರುತ್ತಾರೆ.

ನಕ್ಷೆ ಚಿಕ್ಕದಿರಲಿ, ತಂಟೆಯ ಅಂಶಗಳೆಲ್ಲ ಅದರಲ್ಲಿರಲಿ. 6000 × 4000 ಮಿ.ಮೀ. ಒಳ ಅಳತೆಯ ಒಂದು ಕೊಠಡಿ, 200 ಮಿ.ಮೀ. ಗೋಡೆ. ಬಾಗಿಲನ್ನು ಬ್ಲಾಕ್ ಆಗಿ, ಅಂದರೆ ಮತ್ತೆ ಮತ್ತೆ ಕೂರಿಸಬಹುದಾದ ಒಂದೇ ತುಣುಕಾಗಿ ಮಾಡಿ, ಅದಕ್ಕೆ ಸಂಖ್ಯೆ ಮತ್ತು ಅಗಲವನ್ನು ಗುಣಲಕ್ಷಣಗಳಾಗಿ ಸೇರಿಸಿ, ಮೂರು ಕಡೆ ಕೂರಿಸಿ. ಗೋಡೆಗೆ ಹ್ಯಾಚ್ (ಒಳಜಾಗ ತುಂಬುವ ಗೆರೆಗಳ ವಿನ್ಯಾಸ) ತುಂಬಿ. ಒಂದು ವೃತ್ತಖಂಡ, ಅದನ್ನು ಸ್ಪರ್ಶಿಸುವ ಗೆರೆ, ಒಂದು ಸ್ಪ್ಲೈನ್, ತುಂಡು ಗೆರೆಯ ಮಧ್ಯರೇಖೆ ಬರೆಯಿರಿ. ನೇರ ಅಳತೆ, ಕೋನ, ತ್ರಿಜ್ಯ ಮೂರನ್ನೂ ನಮೂದಿಸಿ. ಇನ್ನೊಂದು ಫೈಲನ್ನು ಹೊರಗಿನ ಉಲ್ಲೇಖವಾಗಿ ಜೋಡಿಸಿ. ಒಂದೇ ಹಾಳೆಯಲ್ಲಿ ಕೊಠಡಿಯನ್ನು 1:50ರಲ್ಲಿ, ಬಾಗಿಲ ಮೂಲೆಯನ್ನು 1:10ರಲ್ಲಿ ತೋರಿಸಿ.

ಈ ಕೊನೆಯ ಮಾತಿನಲ್ಲೇ ತಂತ್ರಾಂಶದ ಅಳವು ತಿಳಿಯುತ್ತದೆ. ನಕ್ಷೆಯನ್ನು ಯಾವಾಗಲೂ ನಿಜ ಅಳತೆಯಲ್ಲೇ ಬರೆಯಬೇಕು, ಸ್ಕೇಲ್ ಬರುವುದು ಹಾಳೆಯ ಮೇಲೆ ಕೂರಿಸುವಾಗ. ಹಾಳೆಯಲ್ಲಿ 2.5 ಮಿ.ಮೀ. ಎತ್ತರ ಕಾಣಬೇಕಾದ ಅಕ್ಷರ 1:50ರ ನಕ್ಷೆಯಲ್ಲಿ 125 ಮಿ.ಮೀ., 1:10ರಲ್ಲಿ 25 ಮಿ.ಮೀ. ಇರಬೇಕು. ಒಳ್ಳೆಯ ತಂತ್ರಾಂಶ ಈ ಗುಣಾಕಾರವನ್ನು ತಾನೇ ಮಾಡುತ್ತದೆ, ಇಲ್ಲವೇ ಅಕ್ಷರವನ್ನೂ ಅಳತೆಯನ್ನೂ ನೇರವಾಗಿ ಹಾಳೆಯ ಮೇಲೆ ಬರೆಯಲು ಬಿಡುತ್ತದೆ. ಎರಡೂ ಇಲ್ಲದ ತಂತ್ರಾಂಶದಲ್ಲಿ ಪ್ರತಿ ನಕ್ಷೆಗೂ ಕ್ಯಾಲ್ಕ್ಯುಲೇಟರ್ ಹಿಡಿದು ಕೂರಬೇಕಾಗುತ್ತದೆ.

ಬರೆದದ್ದಾಯಿತು. ಈಗ ಕೆಡಿಸಿ. ಒಂದು ಗೋಡೆಯನ್ನು 300 ಮಿ.ಮೀ. ಆಚೆ ಸರಿಸಿ. ಅಳತೆಯ ಸಂಖ್ಯೆ ತಾನಾಗಿ ಬದಲಾಯಿತೇ? ಹ್ಯಾಚ್ ಹಿಂಬಾಲಿಸಿತೇ? ಬಾಗಿಲಿನ ಬ್ಲಾಕನ್ನು ಒಂದು ಕಡೆ ತಿದ್ದಿದರೆ ಮೂರೂ ಕಡೆ ತಿದ್ದಿತೇ? ನಕ್ಷೆಗಾರರ ಹೆಚ್ಚಿನ ಸಮಯ ಹೋಗುವುದು ಬರೆಯುವುದರಲ್ಲಿ ಅಲ್ಲ, ಬದಲಿಸುವುದರಲ್ಲಿ. ಹಾಗಾಗಿ ಬರೆಯುವಾಗಿನ ವೇಗಕ್ಕಿಂತ ಇಲ್ಲಿನ ಉತ್ತರಗಳಿಗೆ ಹೆಚ್ಚು ಅಂಕ ಕೊಡಿ.

ಟೈಟಲ್ ಬ್ಲಾಕಿನಲ್ಲಿ (ನಕ್ಷೆಯ ಹೆಸರು, ವಿವರಗಳಿರುವ ಹಾಳೆಯ ಮೂಲೆಯ ಚೌಕದಲ್ಲಿ) ಕನ್ನಡ ಬರೆಯುವ ಉದ್ದೇಶವಿದ್ದರೆ ಅದನ್ನೂ ಈಗಲೇ ನೋಡಿಬಿಡಿ. ಆಟೋಕ್ಯಾಡ್ ಪರಂಪರೆಯ ಎಸ್‌ಎಚ್‌ಎಕ್ಸ್ ಗೆರೆ ಅಕ್ಷರಗಳಲ್ಲಿ ಕನ್ನಡ ಸಿಗದು, ಟ್ರೂಟೈಪ್ ಫಾಂಟ್ ಬೇಕು. "ಸ್ತ್ರೀ", "ಶಾಸ್ತ್ರ", "ಲಕ್ಷ್ಯ" ಇಂತಹ ಒತ್ತಕ್ಷರದ ಪದಗಳನ್ನು ಬರೆದು, ಪರದೆಯಲ್ಲಿ ಮಾತ್ರವಲ್ಲದೆ ಪಿಡಿಎಫ್‌ನಲ್ಲೂ ತೆರೆದು ಪರೀಕ್ಷಿಸಿ. ಒತ್ತುಗಳು ಬಿಡಿಬಿಡಿಯಾಗಿ ಬಿದ್ದಿದ್ದರೆ ಆ ತಂತ್ರಾಂಶಕ್ಕೆ ಲಿಪಿ ಜೋಡಿಸಲು ಬರುವುದಿಲ್ಲ.

ಭೂಮಾಪನದ ನಕ್ಷೆಗಳ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ಪರೀಕ್ಷೆ. ಕೊಠಡಿಯ ಒಂದು ನಕಲನ್ನು ಮೂಲ ಬಿಂದುವಿನಿಂದ ಕೋಟಿಗಟ್ಟಲೆ ಮಿ.ಮೀ. ದೂರಕ್ಕೆ ಸರಿಸಿ ಅಲ್ಲಿ ಹ್ಯಾಚ್ ಹಾಕಿ, ವೃತ್ತ ಬರೆಯಿರಿ. ಕಂಪ್ಯೂಟರ್ ಒಂದು ಸಂಖ್ಯೆಯನ್ನು ಸುಮಾರು 15 ಅಂಕಿಗಳ ನಿಖರತೆಯಲ್ಲಿ ಇಟ್ಟುಕೊಂಡರೂ, ಅದನ್ನು ಪರದೆಗೆ ತರುವ ಹಂತದಲ್ಲಿ ಆ ನಿಖರತೆ ಎಲ್ಲೆಡೆ ಉಳಿಯುವುದಿಲ್ಲ. ಗೆರೆ ನಡುಗಿದರೆ, ವೃತ್ತಕ್ಕೆ ಮೂಲೆಗಳು ಮೂಡಿದರೆ, ಹ್ಯಾಚ್ ತುಂಬದೆ ಹೋದರೆ ಆ ತಂತ್ರಾಂಶ ನಿಮ್ಮ ಕೆಲಸಕ್ಕಲ್ಲ.

ಆರನೆಯ ಹೆಜ್ಜೆ: ಫೈಲು ಹೋಗಿ ಬರಲಿ

ಪರೀಕ್ಷಾ ನಕ್ಷೆಯನ್ನು, ಮೊದಲ ಹೆಜ್ಜೆಯಲ್ಲಿ ಬರೆದುಕೊಂಡ ರೂಪದಲ್ಲಿ, ಪಡೆಯುವವರಿಗೇ ಕಳುಹಿಸಿ. ಅವರು ಒಂದು ಗೆರೆ ತಿದ್ದಿ ಹಿಂದಿರುಗಿಸಲಿ. ಅವರಿಗೆ ತೊಂದರೆ ಕೊಡಲು ಮನಸ್ಸಿಲ್ಲದಿದ್ದರೆ, ವಿಂಡೋಸ್‌ನಲ್ಲಿ ಆಟೋಡೆಸ್ಕ್ ಉಚಿತವಾಗಿ ಕೊಡುವ ಡಿಡಬ್ಲ್ಯುಜಿ ಟ್ರೂವ್ಯೂನಲ್ಲಿ ತೆರೆದು ನೋಡಬಹುದು. ಆವೃತ್ತಿ ಬದಲಿಸಲೂ ಅದು ಬರುತ್ತದೆ.

ಹಿಂದಿರುಗಿದ ಫೈಲಿನಲ್ಲಿ ಅಳತೆಯೊಂದನ್ನು ಕ್ಲಿಕ್ ಮಾಡಿ: ಅದು ಇನ್ನೂ ಅಳತೆಯೇ, ಅಥವಾ ಗೆರೆ, ಬಾಣ, ಅಕ್ಷರಗಳಾಗಿ ಒಡೆದಿದೆಯೇ? ಬಾಗಿಲಿನ ಸಂಖ್ಯೆ ಉಳಿದಿದೆಯೇ? ತುಂಡು ಗೆರೆ ತುಂಡಾಗಿಯೇ ಇದೆಯೇ? ಸ್ಪ್ಲೈನ್ ಸ್ಪ್ಲೈನಾಗಿಯೇ ಬಂದಿತೇ? ಆಮೇಲೆ, 6000 ಇರಬೇಕಾದ ಗೋಡೆಯನ್ನು ಅಳೆಯಿರಿ. ಡಿಎಕ್ಸ್‌ಎಫ್‌ನಲ್ಲಿ ಇರುವುದು ಬರಿಯ ಸಂಖ್ಯೆ. ಅದು ಮಿ.ಮೀ. ಎಂದೋ ಇಂಚು ಎಂದೋ ಹೇಳುವ ಸೂಚನೆ ಆರ್12ರಲ್ಲಿ ಇಲ್ಲ, ಮುಂದಿನ ಆವೃತ್ತಿಗಳಲ್ಲಿ ಇದ್ದರೂ ಎಲ್ಲ ತಂತ್ರಾಂಶಗಳೂ ಅದನ್ನು ಗೌರವಿಸುವುದಿಲ್ಲ. ಮಿ.ಮೀ.ನಲ್ಲಿ ಬರೆದದ್ದನ್ನು ಇಂಚೆಂದು ಓದಿದರೆ ಎಲ್ಲವೂ 25.4 ಪಟ್ಟು ಹಿಗ್ಗುತ್ತದೆ. ತಪ್ಪಾಗಿದ್ದರೆ ಸರಿಪಡಿಸುವ ಸೆಟ್ಟಿಂಗ್ ಎಲ್ಲಿದೆ ಎಂದು ಹುಡುಕಿಟ್ಟುಕೊಳ್ಳಿ. ಯಂತ್ರಕ್ಕೆ ಕೊಡುವ ಫೈಲಿನ ಮೂಲೆಯಲ್ಲಿ, ಕತ್ತರಿಸದ ಲೇಯರ್‌ನಲ್ಲಿ, ಉದ್ದವನ್ನು ನಮೂದಿಸಿದ 100 ಮಿ.ಮೀ. ಗೆರೆಯೊಂದನ್ನು ಇಡುವ ಅಭ್ಯಾಸ ಈ ರಗಳೆಯನ್ನು ಬಹುಪಾಲು ತಪ್ಪಿಸುತ್ತದೆ.

ಏಳನೆಯ ಹೆಜ್ಜೆ: ಕಾಗದದ ಮೇಲೆ ಅಳೆಯಿರಿ

ಎ3 ಹಾಳೆಯಲ್ಲಿ ಮುದ್ರಿಸಿ, ಗೋಡೆಯ ಮೇಲೆ ಸ್ಕೇಲ್ ಇಡಿ. 1:50ರಲ್ಲಿ 6000 ಮಿ.ಮೀ. ಎಂದರೆ ಕಾಗದದ ಮೇಲೆ 120 ಮಿ.ಮೀ. 116 ಬಂದರೆ ಮುದ್ರಣದ ಕಿಟಕಿಯಲ್ಲಿ "ಹಾಳೆಗೆ ಹೊಂದಿಸು" ಆಯ್ಕೆ ಎಲ್ಲೋ ಒತ್ತಿದೆ.

ಗೆರೆಯ ದಪ್ಪವನ್ನೂ ನೋಡಿ. ಮಾನಕದ ದಪ್ಪಗಳು 0.18, 0.25, 0.35, 0.5, 0.7 ಮಿ.ಮೀ. ಹೀಗೆ ಏರುತ್ತವೆ, ಒಂದೊಂದೂ ಹಿಂದಿನದರ ಸುಮಾರು 1.41 ಪಟ್ಟು. ಎ ಸರಣಿಯ ಹಾಳೆಗಳ ಅನುಪಾತವೂ ಅದೇ ಆದ್ದರಿಂದ ಎ1 ನಕ್ಷೆಯನ್ನು ಎ2ಗೆ ಇಳಿಸಿದರೆ 0.5ರ ಗೆರೆ 0.35 ಆಗುತ್ತದೆ, ಸರಣಿ ಕೆಡುವುದಿಲ್ಲ. ಯಾರು ಯೋಚಿಸಿದರೋ, ಸೊಗಸಾಗಿ ಯೋಚಿಸಿದ್ದಾರೆ. ನಿಮ್ಮ ತಂತ್ರಾಂಶದಲ್ಲಿ ಈ ದಪ್ಪಗಳನ್ನು ಲೇಯರ್‌ಗೆ ಕಟ್ಟಿಹಾಕುವುದು ಸುಲಭವೇ, ಮುದ್ರಣದಲ್ಲಿ ಗೋಡೆ ಮತ್ತು ಅಳತೆಗೆರೆಗಳ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಕೈ ಪಳಗುವ ಮಾತು

ಆಟೋಕ್ಯಾಡ್‌ನಲ್ಲಿ ಪಳಗಿದವರು ಬ್ರಿಕ್ಸ್‌ಕ್ಯಾಡ್‌ಗೋ ಝಡ್‌ಡಬ್ಲ್ಯುಕ್ಯಾಡ್‌ಗೋ ಹೋದರೆ ಟೈಪ್ ಮಾಡುವ ಆಜ್ಞೆಗಳು ಬಹುತೇಕ ಅವೇ. ಲಿಬ್ರೆಕ್ಯಾಡ್‌ನಲ್ಲಿ ಅವು ಬೇರೆ, ಫ್ರೀಕ್ಯಾಡ್‌ನಲ್ಲಿ ಯೋಚಿಸುವ ಕ್ರಮವೇ ಬೇರೆ. ಇದೇ ಮೊದಲ ಸಲ ಕಲಿಯುವವರಿಗೆ ಇದು ಅಡ್ಡಿಯಲ್ಲ. ತಂಡದಲ್ಲಿ ಐದು ಜನ ಹಳಬರಿದ್ದರೆ, ಹೊಸ ತಂತ್ರಾಂಶ ಉಚಿತವಾಗಿದ್ದರೂ ಅವರ ಕೈ ಮತ್ತೆ ಪಳಗುವವರೆಗಿನ ವೇಳೆಯನ್ನು ಖರ್ಚೆಂದೇ ಲೆಕ್ಕ ಹಿಡಿಯಬೇಕು.

ಆರಿಸಿದ ಮೇಲೆ, ಮೊದಲ ನಕ್ಷೆಗಿಂತ ಮುಂಚೆ

ಟೆಂಪ್ಲೇಟ್ ಒಂದನ್ನು ಮಾಡಿಕೊಳ್ಳಿ. ಮೂಲಮಾನ, ಲೇಯರ್‌ಗಳು, ಅಕ್ಷರ ಮತ್ತು ಅಳತೆಯ ಶೈಲಿಗಳು, ಹಾಳೆಗಳು ಅದರಲ್ಲಿ ಸಿದ್ಧವಿರಲಿ. ಐಎಸ್‌ಒ 5457ರ ಪ್ರಕಾರ ಹಾಳೆಯ ಎಡ ಅಂಚು 20 ಮಿ.ಮೀ., ಉಳಿದ ಮೂರು 10 ಮಿ.ಮೀ. ಟೈಟಲ್ ಬ್ಲಾಕಿನ ಅಗಲ ಐಎಸ್‌ಒ 7200ರಂತೆ 180 ಮಿ.ಮೀ. ಲೇಯರ್ ಹೆಸರುಗಳಿಗೂ ಐಎಸ್‌ಒ 13567 ಇದೆ, ಆದರೆ ಸಣ್ಣ ತಂಡಕ್ಕೆ ಅದು ಉದ್ದವಾಯಿತು. ನಿಮ್ಮದೇ ಹತ್ತು ಹೆಸರುಗಳನ್ನು ನಿಗದಿಪಡಿಸಿ, ಅವುಗಳಿಗೆ ಅಂಟಿಕೊಂಡರೆ ಸಾಕು.

ಮುಗಿದ ಪ್ರತಿ ಕೆಲಸವನ್ನು ಮೂಲ ಫೈಲ್, ಡಿಎಕ್ಸ್‌ಎಫ್, ಪಿಡಿಎಫ್ ಮೂರು ರೂಪಗಳಲ್ಲೂ ಕಾಪಿಡಿ. ಚಂದಾ ನಿಲ್ಲಿಸಿದರೂ ಕಂಪನಿ ಮುಚ್ಚಿದರೂ ನಕ್ಷೆ ನಿಮ್ಮದಾಗಿಯೇ ಉಳಿಯುವುದು ಹೀಗೆ. ಕೆಲಸ ನಡುವಿನಲ್ಲಿರುವಾಗ ತಂತ್ರಾಂಶದ ಹೊಸ ಆವೃತ್ತಿಗೆ ಏರಬೇಡಿ. ರೆವಿಟ್ ಬಳಸುವವರಂತೂ ಎಚ್ಚರವಿರಬೇಕು: ಹೊಸ ಆವೃತ್ತಿಯಲ್ಲಿ ಒಮ್ಮೆ ಉಳಿಸಿದ ಫೈಲನ್ನು ಹಳೆಯ ಆವೃತ್ತಿಗೆ ಇಳಿಸಲು ಅದರಲ್ಲಿ ದಾರಿಯೇ ಇಲ್ಲ. ಏರುವುದಾದರೆ ತಂಡದವರೆಲ್ಲ ಒಟ್ಟಿಗೆ, ಎರಡು ಕೆಲಸಗಳ ನಡುವಿನ ಬಿಡುವಿನಲ್ಲಿ ಏರಿ. ಅದಕ್ಕೂ ಮೊದಲು ಆ ಪರೀಕ್ಷಾ ನಕ್ಷೆಯನ್ನು ಹೊಸ ಆವೃತ್ತಿಯಲ್ಲಿ ತೆರೆದು, ಐದರಿಂದ ಏಳರವರೆಗಿನ ಹೆಜ್ಜೆಗಳನ್ನು ಇನ್ನೊಮ್ಮೆ ನಡೆಸಿ.